ಎರಡು ಮಿಲಿಮೀಟರ್ ಅಪನಂಬಿಕೆ

"ಮೋಸ ಹೋದೆ ಕಣೋ" ಅಂತಲೇ ಶುರು ಮಾಡಿದ. ಶನಿವಾರ ರಾತ್ರಿ ಹತ್ತೂವರೆ. ನಮ್ಮ ಹಳೇ ಟೀಮಿನ ಗೆಳೆಯ, ಈಗ ಅಮೆರಿಕದಲ್ಲಿದ್ದಾನೆ. ವಿಡಿಯೋ ಕಾಲ್‌ನಲ್ಲಿ ಅವನ ಮುಖ ಕಾಣ್ತಿರಲಿಲ್ಲ, ಊಟದ ಟೇಬಲ್ ಕಾಣ್ತಿತ್ತು. ಅದರ ಮೇಲೆ ಒಂದು ಬಂದೂಕು ಮಲಗಿತ್ತು. ಪಕ್ಕದಲ್ಲಿ ಅದರದ್ದೇ ಬಯೋನೆಟ್.

ಅಲ್ಲಿ ಹಳೇ ಬಂದೂಕು ಕೊಳ್ಳೋದು ದೊಡ್ಡ ವಿಷಯವೇನಲ್ಲ. 1898ರವರೆಗೆ ತಯಾರಾದದ್ದನ್ನು ಅಲ್ಲಿನ ಕೇಂದ್ರ ಕಾನೂನು ಪುರಾತನ ವಸ್ತು ಅಂತಲೇ ನೋಡುತ್ತೆ. 2003ರಲ್ಲಿ ಕಠ್ಮಂಡುವಿನ ಲಗನ್ ಸಿಲೆಖಾನಾ ಅನ್ನೋ ಹಳೇ ಆಯುಧಾಗಾರದಿಂದ ಸಾವಿರಾರು ಬಂದೂಕುಗಳು ಅಮೆರಿಕದ ಮಾರುಕಟ್ಟೆಗೆ ಹೋದವು. ಇವನ ಕೈಗೆ ಬಂದದ್ದೂ ಆ ರಾಶಿಯದ್ದೇ ಅಂತ ಮಾರಿದವರು ಹೇಳಿದ್ದರಂತೆ. ಇವನು ಆಸೆಪಟ್ಟಿದ್ದು 1853ರ ಮಾದರಿಯ ಎನ್‌ಫೀಲ್ಡ್ ರೈಫಲ್-ಮಸ್ಕೆಟ್. ಹೈಸ್ಕೂಲಿನಲ್ಲಿ 'ದನದ ಕೊಬ್ಬು, ಹಂದಿಯ ಕೊಬ್ಬು' ಅಂತ ಬಾಯಿಪಾಠ ಮಾಡಿದ್ವಲ್ಲ, ಆ ಬಂದೂಕು.

"ನೋಡು" ಅಂತ ನಳಿಗೆಯ ಬಾಯಿಗೆ ಟಾರ್ಚ್ ಹಿಡಿದ. ಒಳಗೆ ಮೂರು ಸುರುಳಿ ಗೀರು ಇರಬೇಕಿತ್ತು. ಇರಲಿಲ್ಲ. ನಲ್ಲಿಯ ಪೈಪಿನ ಹಾಗೆ ನುಣ್ಣಗಿತ್ತು. ಗುರಿ ನೋಡೋಕೆ ಹಿಂದೆ ಏಣಿಯಂಥ ಪಟ್ಟಿ ಇರಬೇಕಿತ್ತು, ಅದೂ ಇಲ್ಲ. ಬರೀ ಒಂದು ಕಬ್ಬಿಣದ ತುಂಡು, ನಡುವೆ ಕಚ್ಚು.

"ನಕಲಿ ಮಾಲು" ಅಂದ.

"ನಾಳೆ ಕ್ಯಾಲಿಪರ್ ಇಟ್ಟು ಬಾಯಿಯ ಅಳತೆ ಕಳಿಸು" ಅಂದೆ. ನನಗೆ ಒಂದು ಅನುಮಾನ ಇತ್ತು. ಅದನ್ನು ಹೇಳೋಕೆ ಮುಂಚೆ ಅವನು ಬಯಸಿದ್ದ ಬಂದೂಕು ಎಂಥದ್ದು ಅಂತ ಹೇಳಬೇಕು.

ಎನ್‌ಫೀಲ್ಡ್ ಅನ್ನೋದು ಲಂಡನ್ನಿನ ಉತ್ತರಕ್ಕಿರೋ ಒಂದು ಊರು. ಬ್ರಿಟಿಷ್ ಸರ್ಕಾರದ ಬಂದೂಕು ಕಾರ್ಖಾನೆ ಅಲ್ಲಿತ್ತು. ನಮ್ಮ ಬೀದಿಗಳಲ್ಲಿ ಗುಡುಗುವ ರಾಯಲ್ ಎನ್‌ಫೀಲ್ಡ್ ಬೈಕಿಗೂ ಹೆಸರು ಬಂದದ್ದು ಅಲ್ಲಿಂದಲೇ. ಅದರ ಮೂಲ ಕಂಪನಿಯವರು ಆ ಕಾರ್ಖಾನೆಗೆ ರೈಫಲ್ ಬಿಡಿಭಾಗ ಮಾಡಿಕೊಡ್ತಿದ್ದರು.

1853ಕ್ಕೆ ಮುಂಚೆ ಸಾಮಾನ್ಯ ಸೈನಿಕನ ಕೈಯಲ್ಲಿದ್ದದ್ದು ನುಣುಪು ನಳಿಗೆಯ ಮಸ್ಕೆಟ್. ನೂರು ಗಜ ದಾಟಿದರೆ ಗುಂಡು ಎಲ್ಲಿಗೆ ಹೋಗುತ್ತೋ ದೇವರೇ ಬಲ್ಲ. ಹಾಗಾಗಿ ಸಾಲಾಗಿ ನಿಂತು, ಒಟ್ಟಿಗೆ ಸಿಡಿಸಿ, ಒಂದಷ್ಟು ತಗುಲಲಿ ಅನ್ನೋದೇ ಯುದ್ಧತಂತ್ರ. ನಳಿಗೆಯೊಳಗೆ ಸುರುಳಿ ಗೀರು ಕೊರೆದರೆ ಗುಂಡು ಬುಗುರಿ ಹಾಗೆ ತಿರುಗುತ್ತಾ ನೇರ ಹೋಗುತ್ತೆ ಅನ್ನೋದು ಶತಮಾನಗಳ ಹಿಂದೆಯೇ ಗೊತ್ತಿತ್ತು. ಕಷ್ಟ ಇದ್ದದ್ದು ಬೇರೆ ಕಡೆ. ಗೀರಿಗೆ ಕಚ್ಚಿಕೊಳ್ಳಬೇಕು ಅಂದರೆ ಗುಂಡು ಬಿಗಿಯಾಗಿರಬೇಕು. ಬಾಯಿಯಿಂದ ಬೇಗ ತುಂಬಬೇಕು ಅಂದರೆ ಸಡಿಲವಾಗಿರಬೇಕು. ಎರಡೂ ಒಟ್ಟಿಗೆ ಹೇಗೆ?

ದಾರಿ ತೋರಿಸಿದವರಲ್ಲಿ ಮುಖ್ಯನಾದವನು ಫ್ರೆಂಚ್ ಅಧಿಕಾರಿ ಮಿನಿಯೆ. ಗುಂಡು ಸಡಿಲವಾಗಿಯೇ ಇರಲಿ, ಅದರ ಬುಡ ಟೊಳ್ಳಾಗಿರಲಿ. ಮದ್ದು ಸಿಡಿದಾಗ ಸೀಸದ ಬುಡ ಹಿಗ್ಗಿ ಗೀರಿಗೆ ಕಚ್ಚಿಕೊಳ್ಳುತ್ತೆ. ಇಂಗ್ಲಿಷರು ಇದನ್ನೇ ತಿದ್ದಿ ಪ್ರಿಚೆಟ್ ಗುಂಡು ಅಂತ ಮಾಡಿಕೊಂಡರು. ತೂಕ ಸುಮಾರು 34 ಗ್ರಾಂ. ಅದಕ್ಕೆ ತಕ್ಕ ನಳಿಗೆಯ ಒಳಗಲ 14.66 ಮಿಲಿಮೀಟರ್. ಗುರಿಯ ಏಣಿಪಟ್ಟಿಯಲ್ಲಿ 900 ಗಜದವರೆಗೂ ಗೆರೆ. ಅಂದರೆ ಎಂಟುನೂರು ಮೀಟರಿಗೂ ಜಾಸ್ತಿ! ಅಷ್ಟು ದೂರದಲ್ಲಿ ಒಬ್ಬನೇ ಮನುಷ್ಯನಿಗೆ ಗುರಿಯಿಡೋದು ಕನಸಿನ ಮಾತು, ನಿಜ. ಆದರೆ ಗುಂಪಾಗಿ ನಿಂತ ಪಡೆಗೆ, ತೋಪು ಎಳೆಯೋ ಕುದುರೆಗಳಿಗೆ ಅದು ಸಾಕಾಗಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ ಎರಡೂ ಕಡೆಯವರು ಸೇರಿ ಸುಮಾರು 9 ಲಕ್ಷ ಎನ್‌ಫೀಲ್ಡ್ ತರಿಸಿಕೊಂಡರು ಅನ್ನೋ ಲೆಕ್ಕ ಇದೆ.

ಬಯೋನೆಟ್ ಮಾತ್ರ ಹಳೇ ಜಾಯಮಾನದ್ದು. ಇದು ಚಾಕುವಲ್ಲ, ಹೆಚ್ಚೋಕೆ ಬರಲ್ಲ. ಮೂರು ಮುಖದ, 17 ಇಂಚಿನ ಉಕ್ಕಿನ ಮೊಳೆ ಅನ್ನಿ. ಕಡಿಮೆ ಲೋಹದಲ್ಲಿ ಬಾಗದ ಗಟ್ಟಿತನ ಬರುತ್ತೆ ಅಂತ ಆ ಮೂರು ಮುಖ. ಬುಡದಲ್ಲಿ ಕೊಳವೆ. ಅದನ್ನು ನಳಿಗೆಯ ಹೊರಗೆ ತೊಡಿಸಿ ಬಳೆ ತಿರುಗಿಸಿದರೆ ಭದ್ರ. ಅಲಗು ಪಕ್ಕಕ್ಕೆ ಸರಿದು ನಿಲ್ಲುತ್ತೆ, ಬಯೋನೆಟ್ ಹಾಕಿಕೊಂಡೇ ಗುಂಡು ತುಂಬಬಹುದು. 55 ಇಂಚಿನ ಬಂದೂಕು ಆಗ ಆರಡಿಯ ಈಟಿ ಆಗುತ್ತೆ.

ಈಗ ಕೊಬ್ಬಿನ ವಿಷಯ. ತೋಟಾ ಅಂದರೆ ಆಗ ಕಾಗದದ ಸುರುಳಿ. ಒಂದು ತುದಿಯಲ್ಲಿ ಮದ್ದು, ಇನ್ನೊಂದು ತುದಿಯಲ್ಲಿ ಗುಂಡು. ಮದ್ದಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿದು, ತೋಟಾ ತಿರುಗಿಸಿ ಗುಂಡಿನ ತುದಿಯನ್ನು ಬಾಯಿಗಿಟ್ಟು, ಉಳಿದ ಕಾಗದ ಕಿತ್ತು, ಸಲಾಕೆಯಿಂದ ಒತ್ತಬೇಕು. ಪ್ರಿಚೆಟ್ ಗುಂಡಿಗೆ ಸುತ್ತಿದ ಕಾಗದವೂ ಅದರ ಜೊತೆಗೇ ಒಳಗೆ ಹೋಗುತ್ತೆ. ಅದು ಮಸಿ ಹಿಡಿದ ನಳಿಗೆಯಲ್ಲಿ ಜಾರಲಿ ಅಂತ ಹೊರಗೆ ಜಿಡ್ಡು. ಅಂದರೆ ಜಿಡ್ಡು ಯಾರೋ ಬೇಕಂತ ಸವರಿದ್ದಲ್ಲ. ಅದಿಲ್ಲದೆ ಬಂದೂಕೇ ಸರಿಯಾಗಿ ನಡೆಯಲ್ಲ. ಇನ್ನೊಂದು ಗಮನಿಸಿ: ಕಚ್ಚೋ ತುದಿ ಬೇರೆ, ಜಿಡ್ಡಿನ ತುದಿ ಬೇರೆ. ಇಂಗ್ಲೆಂಡಿನ ಇಂಜಿನಿಯರ್‌ಗೆ ಅದು ಸಾಕು. ಆದರೆ ಊಟದ ಪಂಕ್ತಿಯಲ್ಲಿ ಯಾರ ಪಕ್ಕ ಕೂತರೆ ಜಾತಿ ಹೋಗುತ್ತೆ ಅಂತ ಲೆಕ್ಕ ಹಾಕೋ ಸಿಪಾಯಿಗೆ? ಮುಟ್ಟಿದ್ದೇ ಸಾಕಿತ್ತು.

ಇದು ಬ್ರಿಟಿಷರಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. 1853ರಲ್ಲೇ, ಈ ತೋಟಾಗಳು ಇಲ್ಲಿಯ ಸೆಕೆ ತಡೆಯುತ್ತವಾ ನೋಡೋಣ ಅಂತ ಭಾರತಕ್ಕೆ ಬಂದಾಗ, ಕರ್ನಲ್ ಹೆನ್ರಿ ಟಕರ್ ಅನ್ನೋ ಅಧಿಕಾರಿ ಎಚ್ಚರಿಸಿ ಬರೆದಿದ್ದ. ಜಿಡ್ಡು ಎಂಥದ್ದು ಅಂತ ಖಾತ್ರಿಯಾಗದೆ ಇವನ್ನು ಭಾರತೀಯ ಸೈನಿಕರಿಗೆ ಕೊಡಬೇಡಿ ಅನ್ನೋದು ಅವನ ಮಾತಿನ ಸಾರ. ಕಾಗದ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಯಿತು, ಅಲ್ಲೇ ಮಲಗಿತು. ಆಫೀಸಿನಲ್ಲಿ ಕೆಲಸ ಮಾಡಿದವರಿಗೆ ಈ ಇಮೇಲಿನ ಗತಿ ವಿವರಿಸಬೇಕಿಲ್ಲ. ಮುಂದೆ ಕಲ್ಕತ್ತದಲ್ಲಿ ತೋಟಾ ತಯಾರಾಗುವಾಗಲೂ ಅದು ಯಾವ ಪ್ರಾಣಿಯ ಕೊಬ್ಬು ಅಂತ ಯಾರೂ ಪರೀಕ್ಷಿಸಲಿಲ್ಲ.

1857ರ ಜನವರಿ. ಹೊಸ ಬಂದೂಕಿನ ತರಬೇತಿಗೆ ಡಮ್‌ಡಮ್, ಅಂಬಾಲ, ಸಿಯಾಲ್‌ಕೋಟ್‌ಗಳಲ್ಲಿ ಕೇಂದ್ರ ತೆರೆದಿದ್ದರು. ಡಮ್‌ಡಮ್‌ನಲ್ಲಿ ಒಬ್ಬ ಕಾರ್ಮಿಕ ಬ್ರಾಹ್ಮಣ ಸಿಪಾಯಿಯ ಹತ್ತಿರ ಲೋಟಾದಲ್ಲಿ ನೀರು ಕೇಳಿದನಂತೆ. ನಿನ್ನ ಜಾತಿ ಯಾವುದು ಅಂತ ಇವನು ಕೇಳಿದ್ದಕ್ಕೆ, ದನದ ಕೊಬ್ಬಿನ ತೋಟಾ ಕಚ್ಚಿದ ಮೇಲೆ ನಿನ್ನ ಜಾತಿ ಎಲ್ಲಿರುತ್ತೆ ಅಂತ ಅವನು ಅಂದನಂತೆ. ಕ್ಯಾಪ್ಟನ್ ರೈಟ್ ಅನ್ನೋ ಅಧಿಕಾರಿ ಇದನ್ನು ಮೇಲಿನವರಿಗೆ ವರದಿ ಮಾಡಿದ.

ಇಲ್ಲಿಂದಾಚೆಗಿನ ಕತೆ ನಮ್ಮ ಪಠ್ಯಪುಸ್ತಕದಲ್ಲಿ ಎರಡು ಸಾಲಲ್ಲಿ ಮುಗಿಯುತ್ತೆ. ನಿಜಕ್ಕೂ ನಡೆದದ್ದು ಅದಕ್ಕಿಂತ ಸ್ವಾರಸ್ಯ. ಸರ್ಕಾರ ಕಿವುಡಾಗಿರಲಿಲ್ಲ. ಜನವರಿ ಮುಗಿಯೋದರೊಳಗೇ ಹೇಳಿತು: ಜಿಡ್ಡಿಲ್ಲದ ತೋಟಾ ಕೊಡ್ತೀವಿ, ನಿಮಗೆ ಬೇಕಾದ್ದನ್ನು ನೀವೇ ಸವರಿಕೊಳ್ಳಿ. ಸಿಪಾಯಿಗಳ ಅನುಮಾನ ಜಿಡ್ಡಿನಿಂದ ಕಾಗದಕ್ಕೆ ದಾಟಿತು. ಈ ಕಾಗದ ಹೊಳೆಯುತ್ತಲ್ಲ, ಇದರೊಳಗೇ ಏನೋ ಇದೆ. ಕಾಗದವನ್ನು ರಾಸಾಯನಿಕ ಪರೀಕ್ಷೆಗೆ ಕಳಿಸಿದರು, ಕೊಬ್ಬಿಲ್ಲ ಅಂತ ವರದಿ ಬಂತು. ಯಾರೂ ನಂಬಲಿಲ್ಲ. ಕಚ್ಚೋದೇ ಬೇಡ, ಕೈಯಿಂದ ಹರಿಯಿರಿ ಅಂತ ಡ್ರಿಲ್ಲನ್ನೇ ಬದಲಿಸಿದರು. ಏನೂ ಇಲ್ಲದಿದ್ದರೆ ಯಾಕೆ ಬದಲಿಸ್ತಿದ್ದರು ಅನ್ನೋ ಪ್ರಶ್ನೆ ಹುಟ್ಟಿತು. ಒಂದೊಂದು ತಿದ್ದುಪಡಿಯೂ ತಪ್ಪೊಪ್ಪಿಗೆಯ ಹಾಗೆ ಕಾಣ್ತಾ ಹೋಯಿತು.

ಫೆಬ್ರವರಿ 26ರಂದು ಬೆರ್ಹಾಂಪುರದಲ್ಲಿ 19ನೇ ಪದಾತಿ ದಳ ತೋಟಾ ಮುಟ್ಟಲ್ಲ ಅಂತು. ಮಾರ್ಚ್ 29ಕ್ಕೆ ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ. ಏಪ್ರಿಲ್ 24ಕ್ಕೆ ಮೀರತ್‌ನಲ್ಲಿ 90 ಅಶ್ವಾರೋಹಿಗಳ ಪೈಕಿ 85 ಜನ ನಿರಾಕರಿಸಿದರು. ಮೇ 9ರಂದು ಎಲ್ಲರೆದುರು ಅವರ ಕಾಲಿಗೆ ಬೇಡಿ ಜಡಿದರು. ಮೇ 10ರ ಸಂಜೆ ಮೀರತ್ ಹೊತ್ತಿಕೊಂಡಿತು. ಇದರಲ್ಲಿ ನನ್ನನ್ನು ತಡೆದು ನಿಲ್ಲಿಸೋ ಸಂಗತಿ ಒಂದಿದೆ. ಬೆರ್ಹಾಂಪುರದಲ್ಲಾಗಲಿ ಮೀರತ್‌ನಲ್ಲಾಗಲಿ ಕೊಟ್ಟ ತೋಟಾಗಳು ಎನ್‌ಫೀಲ್ಡ್‌ನದ್ದೇ ಅಲ್ಲ. ವರ್ಷಾನುಗಟ್ಟಲೆ ಅವರೇ ಕಚ್ಚಿ ಹರಿಯುತ್ತಿದ್ದ ಹಳೇ ತೋಟಾಗಳು!

ಹಾಗಾದರೆ ಸಿಪಾಯಿಗಳು ಮೂರ್ಖರಾ? ಅಲ್ಲ. ಹಿಂದಿನ ವರ್ಷವಷ್ಟೇ ಕಂಪನಿ ಅವಧ್ ರಾಜ್ಯವನ್ನು ನುಂಗಿತ್ತು. ಬಂಗಾಳ ಸೈನ್ಯದ ಸಿಪಾಯಿಗಳಲ್ಲಿ ಬಹಳ ಮಂದಿಯ ಮನೆಮಠ ಅಲ್ಲೇ. ಅದೇ ವರ್ಷ, ಹೊಸದಾಗಿ ಸೇರುವವರು ಕರೆದರೆ ಸಮುದ್ರ ದಾಟಲೇಬೇಕು ಅನ್ನೋ ಕಾಯ್ದೆಯೂ ಬಂದಿತ್ತು. ಇಷ್ಟೆಲ್ಲ ಮಾಡಿದ ಧಣಿ 'ಕಾಗದದಲ್ಲಿ ಏನೂ ಇಲ್ಲ' ಅಂದರೆ ಯಾರು ನಂಬ್ತಾರೆ? ಕೊಬ್ಬು ಇತ್ತೋ ಇಲ್ಲವೋ ಅನ್ನೋದು ಎರಡನೇ ಮಾತು. ನಂಬಿಕೆ ಮೊದಲೇ ಸತ್ತಿತ್ತು, ತೋಟಾ ಅದರ ತಿಥಿಗೆ ಬಂದ ಎಲೆ ಅಷ್ಟೇ.

ಆಮೇಲೆ ಅದೇ ಬಂದೂಕು ತಿರುಗಿ ನಿಂತಿತು. ಜುಲೈ 12ರಂದು ಫತೇಪುರದಲ್ಲಿ ಜನರಲ್ ಹ್ಯಾವ್‌ಲಾಕ್‌ನ ಗೋರಾ ಸೈನಿಕರು ಎನ್‌ಫೀಲ್ಡ್ ಹಿಡಿದಿದ್ದರು, ಎದುರಿಗಿದ್ದವರ ಕೈಯಲ್ಲಿ ಹಳೇ ಮಸ್ಕೆಟ್. ಇವರ ಗುಂಡು ಅವರಿಗೆ ಮುಟ್ಟುತ್ತೆ, ಅವರದ್ದು ಇವರಿಗೆ ಮುಟ್ಟಲ್ಲ. ಸಿಪಾಯಿಗಳು ಬೇಡ ಅಂದ ಬಂದೂಕೇ ಅವರನ್ನು ದೂರದಿಂದ ಕೊಂದಿತು. ಊಹಿಸದಿದ್ದ ದೂರದಿಂದ ಬಂದ ಆ ಗುಂಡುಗಳಿಂದಲೇ ಹತ್ತು ನಿಮಿಷದಲ್ಲಿ ಕದನ ತೀರ್ಮಾನ ಆಯಿತು ಅಂತ ಹ್ಯಾವ್‌ಲಾಕ್ ತನ್ನ ವರದಿಯಲ್ಲಿ ಹೆಮ್ಮೆಪಟ್ಟುಕೊಂಡಿದ್ದಾನೆ.

ಭಾನುವಾರ ಗೆಳೆಯನ ಮೆಸೇಜ್ ಬಂತು: "16.7." ನಾನು ಅಂದುಕೊಂಡಿದ್ದು ಸರಿಯಾಗಿತ್ತು. ಅದು ನಕಲಿ ಅಲ್ಲ.

ದಂಗೆ ಅಡಗಿದ ಮೇಲೆ ಬ್ರಿಟಿಷರು ಸೈನ್ಯವನ್ನು ಬುಡಸಮೇತ ಅಲ್ಲಾಡಿಸಿದರು. ಪೀಲ್ ಆಯೋಗ ಕೂತಿತು. ಬಂಗಾಳದಲ್ಲಿ ಇಬ್ಬರು ಭಾರತೀಯರಿಗೆ ಒಬ್ಬ ಗೋರಾ ಸೈನಿಕ, ಮದ್ರಾಸ್ ಮತ್ತು ಬೊಂಬಾಯಿಯಲ್ಲಿ ಮೂವರಿಗೆ ಒಬ್ಬ ಅನ್ನೋ ಲೆಕ್ಕ ಬಂತು. ತೋಪುಗಳು ಹೆಚ್ಚುಕಡಿಮೆ ಪೂರ್ತಿ ಗೋರಾಗಳ ಕೈಗೆ. ಸಿಪಾಯಿಗೆ ಯಾವ ಬಂದೂಕು? ಬಂದೂಕೇ ಇಲ್ಲದೆ ಸೈನ್ಯ ನಡೆಯಲ್ಲ. ಒಳ್ಳೇ ಬಂದೂಕು ಕೊಡೋಕೆ ಧೈರ್ಯ ಇಲ್ಲ. ಹೀಗೆ ಹುಟ್ಟಿದ್ದು 1858ರ ಮಾದರಿ, ಅದರ ಬೆನ್ನಿಗೆ 1859ರದ್ದು. ದೂರದಿಂದ ನೋಡಿದರೆ ಥೇಟ್ ಎನ್‌ಫೀಲ್ಡ್. ಅದೇ ಮರ, ಅದೇ ಮೈಕಟ್ಟು, ತುದಿಯಲ್ಲಿ ಮೂರು ಮುಖದ ಬಯೋನೆಟ್. ಒಳಗಿನ ಗೀರು ಮಾತ್ರ ಇಲ್ಲ. ಒಳಗಲ 16.66 ಮಿಲಿಮೀಟರ್, ಅಂದರೆ ಅಸಲಿಗಿಂತ ಸರಿಯಾಗಿ ಎರಡು ಮಿಲಿಮೀಟರ್ ಜಾಸ್ತಿ. 900 ಗಜದ ಏಣಿ ಹೋಗಿ ಅಲ್ಲಾಡದ ಒಂದು ತುಂಡು ಬಂತು. ಗುಂಡು ನೇರ ಹೋಗೋದೇ ಇಲ್ಲ ಅಂದ ಮೇಲೆ ಏಣಿ ಯಾಕೆ?

ಇದನ್ನು ಯೋಚಿಸಿದಾಗಲೆಲ್ಲ ನನಗೆ ಆ ಕಮ್ಮಾರರ ಚಿತ್ರ ಬರುತ್ತೆ. ಸರಿಯಾಗಿ ಮಾಡೋಕೆ ಗೊತ್ತಿದ್ದೂ, ಕೆಟ್ಟದಾಗಿ ಮಾಡಬೇಕು ಅನ್ನೋ ಆರ್ಡರು. ನಮ್ಮ ಕಾಲದಲ್ಲಿ ಒಂದೇ ಫೋನಿನಲ್ಲಿ ಕೆಲವು ಸೌಲಭ್ಯಕ್ಕೆ ಬೀಗ ಹಾಕಿ ಅಗ್ಗದ ಮಾದರಿ ಅಂತ ಮಾರ್ತಾರಲ್ಲ, ಹಾಗೆ. ವ್ಯತ್ಯಾಸ ಇಷ್ಟೇ. ಅದಕ್ಕೆ ನಾವು ಕಡಿಮೆ ದುಡ್ಡು ಕೊಡ್ತೀವಿ. ಸಿಪಾಯಿ ಕೊಡಬೇಕಾದದ್ದು ಅದೇ ಪ್ರಾಣ, ರಿಯಾಯಿತಿ ಇಲ್ಲ.

ಈ ಪದ್ಧತಿ ದಶಕಗಟ್ಟಲೆ ನಡೀತು. 1866ರಲ್ಲಿ ಗೋರಾಗಳಿಗೆ ಹಿಂಬದಿಯಿಂದ ತುಂಬೋ ಸ್ನೈಡರ್ ಬಂತು, ಅವರು ಬಿಟ್ಟ ಎನ್‌ಫೀಲ್ಡ್ ಸಿಪಾಯಿಗಳಿಗೆ ಇಳಿಯಿತು. 1871ರಲ್ಲಿ ಗೋರಾಗಳಿಗೆ ಮಾರ್ಟಿನಿ-ಹೆನ್ರಿ ಬಂತು, ಸ್ನೈಡರ್ ಇವರಿಗೆ. ಅಣ್ಣನ ಹಳೇ ಯೂನಿಫಾರ್ಮ್ ತಮ್ಮನಿಗೆ ಬಂದ ಹಾಗೆ, ಯಾವಾಗಲೂ ಒಂದು ತಲೆಮಾರು ಹಿಂದೆ. 1880ರ ಜುಲೈ 27ರಂದು ಅಫ್ಘಾನಿಸ್ತಾನದ ಮೈವಾಂದ್‌ನಲ್ಲಿ ಒಂದೇ ಸಾಲಿನಲ್ಲಿ ನಿಂತ ಬ್ರಿಟಿಷ್ ದಳದ ಕೈಯಲ್ಲಿ ಮಾರ್ಟಿನಿ, ಬೊಂಬಾಯಿ ಸೈನ್ಯದ ಸಿಪಾಯಿಗಳ ಕೈಯಲ್ಲಿ ಸ್ನೈಡರ್. ಇವರ ತೋಟಾ ಅವರಿಗಾಗಲ್ಲ, ಅವರದ್ದು ಇವರಿಗಾಗಲ್ಲ. ಆ ದಿನ ಬ್ರಿಟಿಷರು ಹೀನಾಯವಾಗಿ ಸೋತರು. ಷರ್ಲಾಕ್ ಹೋಮ್ಸ್‌ನ ಡಾಕ್ಟರ್ ವಾಟ್ಸನ್ ಗುಂಡೇಟು ತಿಂದದ್ದು ಇದೇ ಯುದ್ಧದಲ್ಲಿ. ಅವನ ಭುಜದ ಗಾಯ ಜಗತ್ತಿಗೆಲ್ಲ ಗೊತ್ತು. ಪಕ್ಕದಲ್ಲಿ ಬಿದ್ದ ಬೊಂಬಾಯಿಯ ಸಿಪಾಯಿಗಳದ್ದು ಯಾರಿಗೂ ಗೊತ್ತಿಲ್ಲ. ಸೋಲಿಗೆ ಸ್ನೈಡರ್ ಒಂದೇ ಕಾರಣ ಅಂತ ನಾನು ಹೇಳ್ತಿಲ್ಲ. ನಂಬದವನ ಕೈಗೆ ಅರೆಬರೆ ಆಯುಧ ಕೊಟ್ಟು, ಅದೇ ಸಾಲಿನಲ್ಲಿ ನಿಂತು ನನ್ನನ್ನು ಕಾಯಿ ಅಂದರೆ ಹೇಗೆ ಅಂತ ಕೇಳ್ತಿದ್ದೀನಿ.

ಸೈನ್ಯದ ಒಳಗೆ ಎರಡು ಮಿಲಿಮೀಟರಿನ ಲೆಕ್ಕವಾದರೆ, ಹೊರಗಿದ್ದ ಜನರಿಗೆ ಬೇರೆ ಲೆಕ್ಕ. ಬಂದೂಕೇ ಬೇಡ. 1857ರಲ್ಲೇ ನಿಶ್ಶಸ್ತ್ರೀಕರಣದ ಕಾಯ್ದೆ ಬಂತು. ಇಲ್ಲಿ ನಮ್ಮ ನೆಲ ಕತೆಯೊಳಗೆ ಬರುತ್ತೆ. ಹತ್ತನೇ ಕ್ಲಾಸಿನ ಕನ್ನಡದಲ್ಲಿ ಹಲಗಲಿಯ ಬೇಡರ ಲಾವಣಿ ಓದಿದವರು ನಿಮ್ಮಲ್ಲಿ ಎಷ್ಟೋ ಜನ ಇರ್ತೀರಿ. ಮುಧೋಳ ಸಂಸ್ಥಾನದ ಆ ಸಣ್ಣ ಊರಿನವರಿಗೆ ಆಯುಧ ಅಂದರೆ ಬೇಟೆ, ಊಟ, ಮಾನ. ಕೊಡಲ್ಲ ಅಂದರು. ಜಡಗ, ಬಾಲ, ಹನುಮ, ರಾಮ ಮುಂದೆ ನಿಂತರು. ನವೆಂಬರ್ ಕೊನೆಗೆ ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೇರಿ 19 ಜನರನ್ನು ಗಲ್ಲಿಗೇರಿಸಿದರು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚಿಗೆ ತಂದವನು ಫ್ಲೀಟ್ ಅನ್ನೋ ಬ್ರಿಟಿಷ್ ಅಧಿಕಾರಿಯೇ. ಇತಿಹಾಸ ಹೀಗೂ ತಮಾಷೆ ಮಾಡುತ್ತೆ.

ಇನ್ನೊಂದು ಕಡೆ ಕೊಡಗು. ದಂಗೆಯ ಕಾಲದಲ್ಲಿ ಕೊಡವರು ನಿಷ್ಠೆಯಿಂದಿದ್ದರು ಅಂತ 1861ರ ಫೆಬ್ರವರಿಯಲ್ಲಿ ಅವರಿಗೆ ಈ ಕಾಯ್ದೆಯಿಂದ ವಿನಾಯಿತಿ ಸಿಕ್ಕಿತು. ಕೊಟ್ಟವನು ಮಾರ್ಕ್ ಕಬ್ಬನ್. ಹೌದು, ಭಾನುವಾರ ಬೆಳಗ್ಗೆ ನಾವು ವಾಕಿಂಗ್ ಹೋಗೋ ಪಾರ್ಕಿನ ಕಬ್ಬನ್ನೇ. 1878ರ ಆಯುಧ ಕಾಯ್ದೆ ಬಂದು ಭಾರತೀಯರೆಲ್ಲ ಲೈಸೆನ್ಸಿಗೆ ಅಲೆಯುವ ಹಾಗಾದಾಗಲೂ, ಬ್ರಿಟಿಷರು ಹೋದ ಮೇಲೂ, ಕೊಡವರ ಮತ್ತು ಜಮ್ಮಾ ಹಿಡುವಳಿದಾರರ ವಿನಾಯಿತಿ ಉಳಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದ ದಿನ ಕೊಡವರ ಮನೆಗೆ ಹೋದರೆ ಕೋವಿಯ ಬಾಯಿಗೆ ಕೆಂಪು ಹಳದಿಯ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡಿರ್ತಾರೆ. ಕೋವಿ ಅಲ್ಲಿ ದೇವರ ಕೋಣೆಯಷ್ಟೇ ಹಳೆಯದು, ಕಬ್ಬನ್‌ನ ಕಾಗದಕ್ಕಿಂತ ಎಷ್ಟೋ ಹಿಂದಿನದು. ಆದರೆ ಒಂದೇ ಸರ್ಕಾರ, ಮೂರೂವರೆ ವರ್ಷದ ಒಳಗೆ, ಒಂದೂರಿನವರನ್ನು ಕೋವಿಗಾಗಿ ಗಲ್ಲಿಗೇರಿಸಿ ಇನ್ನೊಂದು ಸೀಮೆಯವರ ಕೋವಿಗೆ ರಕ್ಷೆ ಕೊಟ್ಟಿತು. ಎರಡು ಕಡೆಯವರಿಗೂ ಕೋವಿ ಮೇಲಿನ ಪ್ರೀತಿ ಒಂದೇ. ನಂಬಿಕೆ ಅನ್ನೋ ಶಬ್ದಕ್ಕೆ ಸರ್ಕಾರದ ನಿಘಂಟಿನಲ್ಲಿ ಅರ್ಥ ಬೇರೆ ಇರುತ್ತೆ: ಯಾರಿಂದ ನನಗೆ ಅಪಾಯ ಇಲ್ಲವೋ ಅವರು ನಂಬಿಕಸ್ಥರು.

ಇದನ್ನೆಲ್ಲ ನಾನು ಗೆಳೆಯನಿಗೆ ಒಂದೇ ಉಸಿರಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಬಂದೂಕು ವಾಪಸ್ ಕಳಿಸೋ ರಟ್ಟಿನ ಡಬ್ಬ ಹಿಂದೆ ರೆಡಿಯಾಗಿ ಕಾಣ್ತಿತ್ತು.

"ಹಾಗಾದರೆ ಇದು ನಮ್ಮವರದ್ದು" ಅಂದ.

"ನಮ್ಮವರಿಗೆ ಅಂತಲೇ ಮಾಡಿದ್ದು" ಅಂದೆ. ಇವೆರಡು ಒಂದೇ ಮಾತಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಇಂಥದ್ದೇ ಬಂದೂಕನ್ನು ಭುಜಕ್ಕೊತ್ತಿ, ನೂರೈವತ್ತು ಗಜದಲ್ಲಿ ಗುರಿ ತಪ್ಪಿ, ತನ್ನ ಕೈಯನ್ನೇ ಬೈದುಕೊಂಡ ಸಿಪಾಯಿಗಳು ಇದ್ದಿರಲೇಬೇಕು. ತಪ್ಪು ಕೈಯದ್ದಲ್ಲ, ಕಬ್ಬಿಣದ್ದು ಅಂತ ಅವರಿಗೆ ಯಾರು ಹೇಳಿರ್ತಾರೆ?

ಗೆಳೆಯ ವಾಪಸ್ ಕಳಿಸಲಿಲ್ಲ. ಈಗ ಅದು ಅವನ ಹಾಲ್‌ನ ಗೋಡೆ ಮೇಲಿದೆ, ಕೆಳಗೆ ಬಯೋನೆಟ್. ಬಂದವರೆಲ್ಲ ಬಯೋನೆಟ್ಟಿನ ಮೊನೆಯನ್ನೇ ಮುಟ್ಟಿ ನೋಡ್ತಾರಂತೆ. ಇವನು ಮಾತ್ರ ಅವರ ಕಿರುಬೆರಳನ್ನು ನಳಿಗೆಯ ಬಾಯಿಗೆ ಇಡಿಸಿ ಕೇಳ್ತಾನಂತೆ: "ಒಳಗೆ ಏನಾದರೂ ತಗುಲುತ್ತಾ?"